ತೋಟದ ಪಿಚರ್, ಸಂತೆಯ ಬ್ಯಾಟರ್: ಸಿಯಾಟಲ್ ಮ್ಯಾರಿನರ್ಸ್ ಆಫೀಸಿಗೆ ಹತ್ತು ವರ್ಷದ ಗಿರಾಕಿಯ ರೇಟಿಂಗ್

ಹತ್ತು ವರ್ಷದಿಂದ ನಾನು ಒಂದು ಅಂಗಡಿಗೆ ಖಾಯಂ ಗಿರಾಕಿ. ಪ್ರತಿ ವರ್ಷ ಬೇಸಿಗೆ ಶುರುವಾಗುವ ಮೊದಲೇ ಮುಂಗಡ ದುಡ್ಡು ಕೊಡುತ್ತೇನೆ. ಮಾಲು ಹೇಗಿದೆ ಅಂತ ಅಕ್ಟೋಬರ್‌ವರೆಗೂ ಗೊತ್ತಾಗುವುದಿಲ್ಲ. ಕೆಟ್ಟಿದ್ದರೆ ವಾಪಸ್ ಮಾಡುವ ಹಾಗಿಲ್ಲ. ಅಂಗಡಿಯ ಹೆಸರು ಸಿಯಾಟಲ್ ಮ್ಯಾರಿನರ್ಸ್. ಬೇಸ್‌ಬಾಲ್ ತಂಡ.

ಆಟಗಾರರಿಗೆ ರೇಟಿಂಗ್ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಅವರಿಗಿಂತ ಅವರನ್ನು ಆರಿಸುವ, ಬೆಳೆಸುವ, ಕೊಳ್ಳುವ, ಮಾರುವ ಜನರ ಮೇಲೆ ಕಣ್ಣು. ಅದಕ್ಕೆ ಇಲ್ಲಿ ಫ್ರಂಟ್ ಆಫೀಸ್ ಅನ್ನುತ್ತಾರೆ. ಅಲ್ಲಿನ ಯಜಮಾನ ಜೆರ್ರಿ ಡಿಪೋಟೊ ಸಿಯಾಟಲ್‌ಗೆ ಬಂದದ್ದು 2015ರ ಸೆಪ್ಟೆಂಬರ್‌ನಲ್ಲಿ. ನಾನು ಎರಡು ಸೂಟ್‌ಕೇಸು, ಒಂದು ಕುಕ್ಕರ್ ಹಿಡಿದು ಬೆಂಗಳೂರಿನಿಂದ ಇಲ್ಲಿಗೆ ಬಂದದ್ದೂ ಅದೇ ವರ್ಷ. ಹಾಗಾಗಿ ಅವರ ಪೂರ್ತಿ ಜಮಾ ಖರ್ಚು ನನ್ನ ಕಣ್ಣ ಮುಂದೆಯೇ ನಡೆದಿದೆ.

ಕನ್ನಡದವರಿಗೆ ಈ ತಂಡವನ್ನು ಅರ್ಥ ಮಾಡಿಸುವುದು ಸುಲಭ. ಆರ್‌ಸಿಬಿ ಅಂಗಿಯನ್ನು ಒಳಗಿನದು ಹೊರಗೆ ಮಾಡಿ ಹಾಕಿಕೊಂಡರೆ ಮ್ಯಾರಿನರ್ಸ್. ನೆನಪಿದೆ ಅಲ್ವಾ? ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ನಮ್ಮವರೇ. 2013ರಲ್ಲಿ ಗೇಲ್ 66 ಎಸೆತಕ್ಕೆ 175. ಆದರೆ ಕೊನೆಯ ಓವರ್ ಯಾರು ಹಾಕುತ್ತಾರೆ ಅಂದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. 2024ರಲ್ಲಿ ಚಿನ್ನಸ್ವಾಮಿಯಲ್ಲೇ ಹೈದರಾಬಾದ್ 287 ಬಾರಿಸಿತು. ನಮ್ಮವರು 262 ಹೊಡೆದೂ ಸೋತರು. ಬ್ಯಾಟಿಂಗ್ ಅಂಗಡಿ ತುಂಬಾ, ಬೌಲಿಂಗ್ ಖಾಲಿ.

ಇಲ್ಲಿ ಉಲ್ಟಾ. ಮ್ಯಾರಿನರ್ಸ್ ಎದುರಾಳಿಯನ್ನು ಎರಡು ರನ್ನಿಗೆ ಕಟ್ಟಿಹಾಕುತ್ತಾರೆ, ಆಮೇಲೆ ತಾವು ಒಂದು ರನ್ ಮಾಡಿ ಸೋಲುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಹ್ಯೂಸ್ಟನ್ ವಿರುದ್ಧ ಮನೆಯಂಗಳದಲ್ಲಿ ಒಂದು ಪ್ಲೇಆಫ್ ಪಂದ್ಯ ನಡೆಯಿತು. ಒಂಬತ್ತು ಇನಿಂಗ್ಸಿಗೆ ಮುಗಿಯಬೇಕಾದದ್ದು 18 ಇನಿಂಗ್ಸ್ ಹೋಯಿತು. ನಮ್ಮ ಪಿಚರ್‌ಗಳು, ಅಂದರೆ ಬೌಲರ್ ಥರ ಚೆಂಡು ಎಸೆಯುವವರು, 17 ಇನಿಂಗ್ಸ್ ಒಂದೂ ರನ್ ಕೊಡಲಿಲ್ಲ. ನಮ್ಮ ಬ್ಯಾಟರ್‌ಗಳು 18 ಇನಿಂಗ್ಸಿನಲ್ಲೂ ಒಂದು ರನ್ ಮಾಡಲಿಲ್ಲ. ಹದಿನೆಂಟನೆಯದರಲ್ಲಿ ಹ್ಯೂಸ್ಟನ್ ಹುಡುಗ ಜೆರೆಮಿ ಪೇನ್ಯಾ ಒಂದು ಹೋಮ್ ರನ್ ಎತ್ತಿದ, ನಮ್ಮ ಸಿಕ್ಸರ್ ಹಾಗೆ ಬೇಲಿ ದಾಟುವ ಹೊಡೆತ. 1-0. ವರ್ಷ ಮುಗಿಯಿತು. ಈ ತಂಡವನ್ನು ಒಂದು ವಾಕ್ಯದಲ್ಲಿ ಹೇಳು ಅಂದರೆ ಆ ಪಂದ್ಯವನ್ನೇ ಹೇಳುತ್ತೇನೆ.

ಇದರಲ್ಲಿ ಮೈದಾನದ ಕೈವಾಡವೂ ಇದೆ. ಚಿನ್ನಸ್ವಾಮಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೌಂಡರಿ ಹತ್ತಿರ, ಗಾಳಿ ತೆಳು. ತಪ್ಪಾಗಿ ತಾಗಿದ್ದೂ ಸಿಕ್ಸರ್. ಮ್ಯಾರಿನರ್ಸ್ ಮನೆಯಂಗಳ ಟಿ-ಮೊಬೈಲ್ ಪಾರ್ಕ್ ಇರುವುದು ಸಮುದ್ರದ ಬಗಲಲ್ಲೇ. ಏಪ್ರಿಲ್, ಮೇ ಸಂಜೆಗಳಲ್ಲಿ ತಣ್ಣನೆಯ ಒದ್ದೆ ಗಾಳಿ. ಬ್ಯಾಟಿನಿಂದ ಹೊರಟಾಗ ಹೋಮ್ ರನ್ ಅನ್ನಿಸಿದ ಚೆಂಡು ಬೇಲಿಯ ಮುಂದೆ ಸುಸ್ತಾಗಿ ಫೀಲ್ಡರ್ ಕೈಗೆ ಬೀಳುತ್ತದೆ. ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ ಬ್ಯಾಟರ್‌ಗಳಿಗೆ ಅತ್ಯಂತ ಕಷ್ಟದ ಜಾಗ ಅಂತ ಇದಕ್ಕೆ ಹೆಸರು. ಸುಮ್ನೆ ಹೇಳುವ ಮಾತಲ್ಲ, ವರ್ಷ ವರ್ಷದ ಅಂಕಿ ಅಂಶವೂ ಅದನ್ನೇ ಹೇಳುತ್ತದೆ.

ಡಿಪೋಟೊ ಆಫೀಸು ಮಾಡಿದ ಮೊದಲ ಜಾಣತನ ಇದೇ. ನಮ್ಮ ಮಣ್ಣಿಗೆ ಯಾವ ಬೆಳೆ ಒಗ್ಗುತ್ತದೆ? ಪಿಚರ್. ಹಾಗಾದರೆ ಪಿಚರ್ ಬೆಳೆಯೋಣ.

ನನ್ನ ತವರು ಚನ್ನಗಿರಿ ಕಡೆ. ಅಡಿಕೆ ತೋಟದ ಮನೆ. ಅದಕ್ಕೇ ಇವರ ಕೆಲಸ ನನಗೆ ಬೇಗ ಅರ್ಥವಾಯಿತು ಅನ್ನಿಸುತ್ತದೆ. ಬೇಸ್‌ಬಾಲ್‌ನಲ್ಲಿ ಕಿರಿಯ ತಂಡಗಳಿಗೆ ಫಾರ್ಮ್ ಅಂತಲೇ ಹೆಸರು. ಪ್ರತಿ ಜುಲೈನಲ್ಲಿ ಡ್ರಾಫ್ಟ್ ಅಂತ ಒಂದು ಕಾರ್ಯಕ್ರಮ. ಐಪಿಎಲ್ ಹರಾಜಿನ ಹಾಗೆ ಕೂಗಾಟ ಇಲ್ಲ. ತಂಡಗಳು ಸರದಿಯಲ್ಲಿ ನಿಂತು ಕಾಲೇಜು, ಹೈಸ್ಕೂಲು ಹುಡುಗರನ್ನು ಆರಿಸುತ್ತವೆ. ಆಮೇಲೆ ಅವರನ್ನು ಸಣ್ಣ ಊರುಗಳ ತಂಡಗಳಿಗೆ ಕಳಿಸಿ ಎರಡು, ಮೂರು, ನಾಲ್ಕು ವರ್ಷ ನೀರು ಹಾಕುತ್ತಾರೆ.

ಮ್ಯಾರಿನರ್ಸ್ ಅಂಥ ಒಂದು ಸಸಿ ಮಡಿ ನಮ್ಮ ಮನೆಗೆ ಹತ್ತಿರದಲ್ಲೇ ಇದೆ, ಎವರೆಟ್‌ನಲ್ಲಿ. ನಾವು ಇರುವುದು ಲಿನ್‌ವುಡ್, ಕಾರಿನಲ್ಲಿ ಅರ್ಧ ಗಂಟೆಯೂ ಬೇಡ. 2019ರ ಬೇಸಿಗೆಯಲ್ಲಿ ಅಲ್ಲಿಗೆ ಜಾರ್ಜ್ ಕರ್ಬಿ ಅನ್ನುವ ಹುಡುಗ ಬಂದ. ಆಗ ತಾನೇ ಮೊದಲ ಸುತ್ತಿನಲ್ಲಿ, ಇಪ್ಪತ್ತನೆಯವನಾಗಿ ಆಯ್ಕೆಯಾಗಿದ್ದ. ರನ್ ಮಾಡಲು ಬ್ಯಾಟರ್ ನಾಲ್ಕು ಬೇಸ್, ಅಂದರೆ ನಾಲ್ಕು ಠಾಣೆ, ಸುತ್ತಿ ಬರಬೇಕು. ನಾಲ್ಕು ಸಲ ಗುರಿ ತಪ್ಪಿ ಎಸೆದರೆ ಅವನಿಗೆ ಮೊದಲ ಬೇಸ್ ಪುಕ್ಕಟೆ ಸಿಗುತ್ತದೆ. ಅದಕ್ಕೆ ವಾಕ್ ಅನ್ನುತ್ತಾರೆ. ಕರ್ಬಿ ಆ ಬೇಸಿಗೆಯಲ್ಲಿ ಎವರೆಟ್‌ಗೆ 23 ಇನಿಂಗ್ಸ್ ಎಸೆದ. ವಾಕ್ ಕೊಟ್ಟದ್ದು ಸೊನ್ನೆ. ನನ್ನ ಮಗಳಿಗೆ ಆಗ ಆರು ವರ್ಷ. ಪಾಪ್‌ಕಾರ್ನ್ ತಿನ್ನುತ್ತಾ "ಅಮ್ಮಾ, ಈ ಅಣ್ಣ ಒಂದೇ ಕಡೆ ಹಾಕ್ತಾನೆ" ಅಂದಳು. ಅವಳು ಮಾಡಿದ ಸ್ಕೌಟಿಂಗ್ ರಿಪೋರ್ಟ್ ಸರಿಯಾಗಿತ್ತು. 2023ರಲ್ಲಿ ಅದೇ ಕರ್ಬಿ ದೊಡ್ಡ ಲೀಗಿನಲ್ಲಿ 190 ಇನಿಂಗ್ಸ್ ದಾಟಿ ಎಸೆದು ಬರೀ 19 ವಾಕ್ ಕೊಟ್ಟ.

ಉಳಿದವರನ್ನೂ ನೋಡಿ. ಲೋಗನ್ ಗಿಲ್ಬರ್ಟ್, 2018ರ ಮೊದಲ ಸುತ್ತು. ಬ್ರೈಸ್ ಮಿಲ್ಲರ್, 2021ರ ನಾಲ್ಕನೇ ಸುತ್ತು. ಬ್ರಯನ್ ವೂ, ಅದೇ ವರ್ಷದ ಆರನೇ ಸುತ್ತು. ವೂ ಕಥೆ ಕೇಳಿದರೆ ನಗು ಬರುತ್ತದೆ. ಪಿಚರ್ ಒಂಬತ್ತು ಇನಿಂಗ್ಸಿಗೆ ಸರಾಸರಿ ಎಷ್ಟು ರನ್ ಬಿಡುತ್ತಾನೆ ಅನ್ನುವುದಕ್ಕೆ ಇಆರ್‌ಎ ಅಂತ ಲೆಕ್ಕ, ಕಡಿಮೆ ಇದ್ದಷ್ಟೂ ಒಳ್ಳೆಯದು. ಕಾಲೇಜಿನಲ್ಲಿ ವೂ ಇಆರ್‌ಎ ಆರರ ಮೇಲಿತ್ತು. ಸಾಲದ್ದಕ್ಕೆ ಮೊಣಕೈ ಆಪರೇಷನ್ ಬೇರೆ. ಮಾರ್ಕ್ಸ್ ಕಾರ್ಡ್ ನೋಡಿ ಸೀಟು ಕೊಡುವವರಾದರೆ ಗೇಟಿನಿಂದಲೇ ಕಳಿಸುತ್ತಿದ್ದರು. ಇವರು ರನ್ ಎಷ್ಟು ಬಿಟ್ಟ ಅಂತ ನೋಡಲಿಲ್ಲ. ಚೆಂಡು ಕೈಯಿಂದ ಹೇಗೆ ಹೊರಡುತ್ತದೆ, ಎಷ್ಟು ತಿರುಗುತ್ತದೆ, ಯಾವ ಎತ್ತರದಿಂದ ಬರುತ್ತದೆ ಅಂತ ನೋಡಿದರು. 2025ರಲ್ಲಿ ವೂ 15 ಪಂದ್ಯ ಗೆದ್ದ, ಇಆರ್‌ಎ 2.94, ಆಲ್ ಸ್ಟಾರ್. ಆ ವರ್ಷ ಸತತ 25 ಪಂದ್ಯದಲ್ಲಿ ಕನಿಷ್ಠ ಆರು ಇನಿಂಗ್ಸ್ ಎಸೆದ. ಹುಣಸೆ ಬೀಜ ಬಿತ್ತಿ ಮಾವು ಕೊಯ್ದ ಹಾಗೆ.

ಪಿಚಿಂಗ್ ಯಾಕೆ ಕಲಿಸಬಹುದು ಅಂದರೆ, ಅದು ಒಬ್ಬನೇ ಮಾಡುವ ಕೆಲಸ. ಚೆಂಡು ಅವನ ಕೈಯಲ್ಲಿದೆ. ಅವನು ಶುರು ಮಾಡುವವರೆಗೆ ಆಟ ಶುರುವಾಗುವುದಿಲ್ಲ. ಕ್ಯಾಮೆರಾ ಇಟ್ಟು ಅಳೆಯಬಹುದು, ಚಳಿಗಾಲದಲ್ಲಿ ಕೂತು ತಿದ್ದಬಹುದು. ಮಿಲ್ಲರ್ 2024ರ ಮೊದಲು ಸ್ಪ್ಲಿಟರ್ ಕಲಿತ. ಎರಡು ಬೆರಳು ಅಗಲಿಸಿ ಹಿಡಿದು ಎಸೆಯುವುದು. ವೇಗದ ಚೆಂಡಿನ ಹಾಗೆ ಬಂದು ಬ್ಯಾಟಿನ ಹತ್ತಿರ ಧುಡುಂ ಅಂತ ಕೆಳಗೆ ಇಳಿಯುತ್ತದೆ. ಆ ಒಂದು ಎಸೆತದಿಂದ ಅವನ ಇಆರ್‌ಎ ಮೂರರ ಕೆಳಗೆ ಬಂತು. ಒಂದು ಚಳಿಗಾಲ, ಒಂದು ಹೊಸ ಹಿಡಿತ, ಬೇರೆಯೇ ಮನುಷ್ಯ.

ಬ್ಯಾಟಿಂಗ್ ಹಾಗಲ್ಲ. ಎದುರಿನವನು ಏನು ಎಸೆಯುತ್ತಾನೋ ಅದಕ್ಕೆ ಉತ್ತರ ಕೊಡಬೇಕು. ಗಂಟೆಗೆ 150 ಕಿಲೋಮೀಟರ್ ದಾಟಿದ ಚೆಂಡು 0.4 ಸೆಕೆಂಡಿನಲ್ಲಿ ಬಂದು ಬಿಡುತ್ತದೆ. ನೆಲಕ್ಕೆ ಬೀಳುವುದೂ ಇಲ್ಲ, ಬ್ಯಾಟೋ ದುಂಡಗೆ. ಇದನ್ನು ಹುಡುಗನಿಗೆ ಹೇಳಿಕೊಟ್ಟು ಕಲಿಸುವುದು ಹೇಗೆ? ಇವರಿಗೂ ಗೊತ್ತಾಗಲಿಲ್ಲ.

ಗೊತ್ತಾಗಲಿಲ್ಲ ಅನ್ನುವುದಕ್ಕೆ ಸಾಕ್ಷಿ ಇದೆ. 2018ರ ಕೊನೆಯಲ್ಲಿ ಡಿಪೋಟೊ ಹಳೆ ತಂಡವನ್ನು ಬಿಚ್ಚಿ ಹಾಕಿದರು. ರಾಬಿನ್ಸನ್ ಕನೋ, ಎಡ್ವಿನ್ ಡಿಯಾಜ್ ಇಬ್ಬರನ್ನೂ ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟು ಬಂದವರಲ್ಲಿ ಜಾರೆಡ್ ಕೆಲೆನಿಕ್ ಅನ್ನುವ ಹುಡುಗ ಇದ್ದ. ಮುಂದಿನ ಹತ್ತು ವರ್ಷದ ಬ್ಯಾಟರ್ ಇವನೇ ಅಂತ ಊರೆಲ್ಲ ಡಂಗುರ. 2021ರಲ್ಲಿ ಆಡಲು ಬಂದ, ಸರಾಸರಿ .181, ಅಂದರೆ ನೂರು ಸಲ ಆಡಿದರೆ ಸರಿಯಾದ ಹೊಡೆತ ಸಿಕ್ಕಿದ್ದು ಹದಿನೆಂಟೇ ಸಲ. 2023ರಲ್ಲಿ ಔಟಾದ ಸಿಟ್ಟಿಗೆ ನೀರಿನ ಕೂಲರ್‌ಗೆ ಒದ್ದು ಕಾಲು ಮುರಿದುಕೊಂಡ. ಆ ಚಳಿಗಾಲದಲ್ಲಿ ಅಟ್ಲಾಂಟಾಗೆ ಹೋದ. ಇವಾನ್ ವೈಟ್ ಅನ್ನುವ ಇನ್ನೊಬ್ಬನಿಗೆ ದೊಡ್ಡ ಲೀಗಿನಲ್ಲಿ ಒಂದು ಚೆಂಡೂ ಆಡುವ ಮೊದಲೇ ಆರು ವರ್ಷದ, 2.4 ಕೋಟಿ ಡಾಲರ್ ಒಪ್ಪಂದ. 2020ರಲ್ಲಿ ಬಂದ. ಫೀಲ್ಡಿಂಗ್‌ಗೆ ಗೋಲ್ಡ್ ಗ್ಲವ್ ಪ್ರಶಸ್ತಿ ಬಂತು. ಬ್ಯಾಟಿಂಗ್ .176.

ತೋಟದಲ್ಲಿ ಬೆಳೆಯದಿದ್ದರೆ ಸಂತೆಗೆ ಹೋಗಬೇಕು. ಇವರೂ ಹೋದರು. ಆದರೆ ಸಂತೆಗೆ ಯಾವಾಗ ಹೋದರು? ಸಂಜೆ, ಅಂಗಡಿ ಎತ್ತುವ ಹೊತ್ತಿಗೆ. ಬಾಡಿದ ಸೊಪ್ಪು, ಉಳಿದ ಬದನೆಕಾಯಿ ಕಡಿಮೆ ಬೆಲೆಗೆ ಸಿಗುತ್ತದಲ್ಲ, ಅದನ್ನು ಚೀಲಕ್ಕೆ ಹಾಕಿಕೊಂಡು ಬಂದರು. ಎರಡನೇ ಬೇಸಿನ ಜಾಗವನ್ನೇ ತೆಗೆದುಕೊಳ್ಳಿ. 2022ಕ್ಕೆ ಆಡಮ್ ಫ್ರೇಜಿಯರ್, 2023ಕ್ಕೆ ಕೋಲ್ಟನ್ ವಾಂಗ್, 2024ಕ್ಕೆ ಹೋರ್ಹೆ ಪೊಲಾಂಕೊ. ಪ್ರತಿ ವರ್ಷ ಹೊಸ ಬಾಡಿಗೆದಾರ. ವಾಂಗ್ ಸಿಯಾಟಲ್‌ನಲ್ಲಿ .165 ಹೊಡೆದು ಆಗಸ್ಟ್‌ಗೆ ಮನೆಗೆ ಹೋದ. ಮಿಚ್ ಗಾರ್ವರ್‌ಗೆ ಎರಡು ವರ್ಷಕ್ಕೆ 2.4 ಕೋಟಿ ಡಾಲರ್, ಮೊದಲ ವರ್ಷದ ಸರಾಸರಿ .172.

ಒಳ್ಳೆ ಮಾಲು ತಂದಾಗಲೂ ಇಟ್ಟುಕೊಳ್ಳಲು ಬರಲಿಲ್ಲ. ಟಿಯೋಸ್ಕರ್ ಹರ್ನಾಂಡೆಜ್ 2023ರಲ್ಲಿ ನಮ್ಮಲ್ಲಿದ್ದ. ಹೊರಗಿನ ಮೈದಾನಗಳಲ್ಲಿ ಬಾರಿಸಿದ, ಮನೆಯಲ್ಲಿ ಒದ್ದಾಡಿದ. ವರ್ಷ ಮುಗಿದ ಮೇಲೆ ಕೈಬಿಟ್ಟರು. ಮುಂದಿನ ವರ್ಷ ಲಾಸ್ ಏಂಜಲಿಸ್ ಡಾಡ್ಜರ್ಸ್‌ಗೆ ಹೋಗಿ 33 ಹೋಮ್ ರನ್ ಹೊಡೆದು ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಫೈನಲ್ ಸರಣಿ, ಗೆದ್ದ. ಆ ಚಳಿಗಾಲವೇ ಯುಹೇನಿಯೊ ಸ್ವಾರೆಸ್‌ನನ್ನೂ ಅರಿಜೋನಾಗೆ ದಾಟಿಸಿದರು. ಜಾಸ್ತಿ ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆಗುತ್ತಾನೆ, ಸಂಬಳವೂ ಉಳಿಯುತ್ತದೆ ಅಂತ. ಈ ಸ್ವಾರೆಸ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

2024 ನನ್ನ ಮಟ್ಟಿಗೆ ಅತ್ಯಂತ ಬೇಜಾರಿನ ವರ್ಷ. ಪಂದ್ಯ ಶುರು ಮಾಡುವ ಐದು ಜನ ಸ್ಟಾರ್ಟಿಂಗ್ ಪಿಚರ್‌ಗಳು ಇಡೀ ಲೀಗಿನಲ್ಲೇ ಎಲ್ಲರಿಗಿಂತ ಚೆನ್ನಾಗಿ ಎಸೆದರು. ಗಿಲ್ಬರ್ಟ್ ಎಲ್ಲರಿಗಿಂತ ಜಾಸ್ತಿ ಇನಿಂಗ್ಸ್ ಎಸೆದ, 208 ದಾಟಿತು. ತಂಡದ ಬ್ಯಾಟಿಂಗ್ ಸರಾಸರಿ .224. ಜೂನ್ ಮಧ್ಯದಲ್ಲಿ ಹ್ಯೂಸ್ಟನ್‌ಗಿಂತ 10 ಪಂದ್ಯ ಮುಂದಿದ್ದರು. ಒಂದೇ ತಿಂಗಳಲ್ಲಿ ಅಷ್ಟೂ ಕರಗಿತು. ಕೊನೆಗೆ 85 ಗೆಲುವು, ಒಂದೇ ಒಂದು ಪಂದ್ಯದಿಂದ ಪ್ಲೇಆಫ್ ತಪ್ಪಿತು. 2023ರಲ್ಲೂ ಹಾಗೇ ಒಂದೇ ಪಂದ್ಯ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಒಂದೇ ಬಗ್ ಎರಡು ರಿಲೀಸಿನಲ್ಲಿ ಬಂದರೆ ನಾವು ಅದನ್ನು ಅದೃಷ್ಟ ಅನ್ನುವುದಿಲ್ಲ.

ಈ ಎರಡು ಬೇಸಿಗೆಗಳ ನಡುವೆ ಡಿಪೋಟೊ ಒಂದು ಮಾತು ಹೇಳಿದ್ದರು. 2023ರ ಅಕ್ಟೋಬರ್‌ನಲ್ಲಿ, ಪತ್ರಕರ್ತರ ಮುಂದೆ. ಹತ್ತು ವರ್ಷದ ಲೆಕ್ಕದಲ್ಲಿ ಶೇ. 54ರಷ್ಟು ಪಂದ್ಯ ಗೆಲ್ಲುವುದು ಗುರಿ, ಹಾಗೆ ಗೆಲ್ಲುವ ತಂಡ ಒಂದಲ್ಲ ಒಂದು ದಿನ ವರ್ಲ್ಡ್ ಸೀರೀಸ್ ಮುಟ್ಟುತ್ತದೆ ಅನ್ನುವ ಅರ್ಥದಲ್ಲಿ. ಊರು ಉರಿದು ಬಿತ್ತು. 1977ರಿಂದ ಇರುವ ತಂಡ. 2001ರಲ್ಲಿ 116 ಪಂದ್ಯ ಗೆದ್ದೂ ವರ್ಲ್ಡ್ ಸೀರೀಸ್ ತಲುಪಲಿಲ್ಲ. ಆಮೇಲೆ ಪ್ಲೇಆಫ್ ಮುಖ ನೋಡಲು 2022ರವರೆಗೆ ಕಾದರು. 30 ತಂಡಗಳಲ್ಲಿ ವರ್ಲ್ಡ್ ಸೀರೀಸ್ ಆಡಿಯೇ ಇಲ್ಲದ ಒಂದೇ ತಂಡ ಇದು. ಅಂಥ ಊರಿನ ಜನರಿಗೆ ಶೇಕಡಾ ಲೆಕ್ಕ ಹೇಳಬಾರದು. ಹಸಿದವನಿಗೆ ಎಲೆ ಹಾಕಿ, ವರ್ಷದ ಸರಾಸರಿ ಊಟ ಚೆನ್ನಾಗಿದೆ ಅಂದ ಹಾಗೆ.

ಆದರೆ ವಿಮರ್ಶೆ ಬರೆಯುವವಳು ಲೆಕ್ಕ ಹಾಕಬೇಕಲ್ಲ. ಹಾಕಿದೆ. 2021ರಿಂದ 2025ರವರೆಗೆ ಗೆಲುವು 90, 90, 88, 85, 90. ಒಟ್ಟು 443. ಆಡಿದ್ದು 810. ಶೇ. 54.7. ಹೇಳಿದ ತೂಕಕ್ಕೆ ಸರಿಯಾಗಿ ಅಳೆದು ಕೊಟ್ಟಿದ್ದಾರೆ, ಮೇಲೆ ಒಂದು ಚಿಟಿಕೆ ಜಾಸ್ತಿಯೇ. ಐದರಲ್ಲಿ ಪ್ಲೇಆಫ್ ಸಿಕ್ಕಿದ್ದು ಎರಡೇ ವರ್ಷ. ಮೋಸ ಮಾಡಿದರು ಅನ್ನಲು ಬಾಯಿ ಬರುವುದಿಲ್ಲ. ಹೊಟ್ಟೆ ತುಂಬಿತು ಅನ್ನಲೂ ಬರುವುದಿಲ್ಲ.

2025ರ ಬೇಸಿಗೆಯಲ್ಲಿ ಅಪ್ಪಾಜಿ ಊರಿನಿಂದ ಬಂದಿದ್ದರು. ಜುಲೈ ತಿಂಗಳ ಒಂದು ಸಂಜೆ ಲಿನ್‌ವುಡ್‌ನಲ್ಲಿ ರೈಲು ಹತ್ತಿಸಿ ಕರೆದುಕೊಂಡು ಹೋದೆ. ಸ್ಟೇಡಿಯಂ ಸ್ಟೇಷನ್‌ನಲ್ಲಿ ಇಳಿದರೆ ನಡೆಯುವಷ್ಟೇ ದೂರ. ಜುಲೈಯಲ್ಲೂ ಅವರಿಗೆ ಸ್ವೆಟರು, ಮಂಕಿ ಟೋಪಿ. ಮೇಲಿನ ಸಾಲಿನಲ್ಲಿ ಕೂತು ಬೆಳ್ಳುಳ್ಳಿ ಹಾಕಿದ ಫ್ರೈಸ್ ತಿಂದರು, "ಇದು ನಡೀತದೆ" ಅಂದರು. ಹುರಿದ ಮಿಡತೆಯನ್ನು ಲೋಟದಲ್ಲಿ ಹಾಕಿ ಮಾರುತ್ತಾರೆ ಅಂದಾಗ ಮಾತ್ರ ನನ್ನನ್ನು ಒಂದು ಥರ ನೋಡಿದರು. ನಿಜವಾಗಿಯೂ ಮಾರುತ್ತಾರೆ, ಮೆಕ್ಸಿಕೋ ಕಡೆಯ ತಿಂಡಿ. ನಾನು ತಿಂದಿಲ್ಲ, ಮಗಳು ತಿಂದಿದ್ದಾಳೆ.

ಅವತ್ತು ವೂ ಎಸೆಯುತ್ತಿದ್ದ. ಅಪ್ಪಾಜಿಗೆ ನಿಯಮ ಅರ್ಧ ಗೊತ್ತು, ಅರ್ಧ ಇಲ್ಲ. ಆದರೂ ಐದನೇ ಇನಿಂಗ್ಸ್ ಹೊತ್ತಿಗೆ ನನ್ನ ಕಡೆ ತಿರುಗಿದರು.

"ಅಲ್ಲವ್ವಾ, ಈ ಹುಡುಗ ಇಷ್ಟು ಚೆನ್ನಾಗಿ ಎಸೀತಾನೆ. ಇವನಿಗೆ ಎರಡು ರನ್ ಮಾಡಿಕೊಡೋರು ಯಾರೂ ಇಲ್ವಾ?"

"ಅದೇ ಅಪ್ಪಾಜಿ, ಹತ್ತು ವರ್ಷದಿಂದ ನಾವೂ ಅದನ್ನೇ ಕೇಳ್ತಿದ್ದೀವಿ."

ಇವರ ಪದ್ಧತಿಯನ್ನು ಬಿಡಿಸಿ ಹೇಳಿದೆ. ಸಸಿ ಮಾರುವುದಿಲ್ಲ, ಕಾಯುತ್ತಾರೆ, ದುಬಾರಿ ಬ್ಯಾಟರ್ ಕೊಳ್ಳುವುದಿಲ್ಲ ಅಂತ. ಅಪ್ಪಾಜಿ ಸುಮಾರು ಹೊತ್ತು ಮಾತಾಡಲಿಲ್ಲ. ಬರ ಬಿದ್ದ ವರ್ಷ ಬೋರ್ ಬತ್ತಿದಾಗ, ಟ್ಯಾಂಕರ್ ಲೆಕ್ಕದಲ್ಲಿ ನೀರು ಕೊಂಡು ತೋಟ ಉಳಿಸಿಕೊಂಡ ಮನುಷ್ಯ ಅವರು. ಅವ್ವನ ಸರ ಆ ವರ್ಷ ಬ್ಯಾಂಕಿನಲ್ಲಿತ್ತು.

"ಕಾಯೋದು ಸರಿ," ಅಂದರು. "ಗೊನೆ ಬಂದ ವರ್ಷ ನೀರಿಲ್ಲ ಅಂತ ಕಾಯ್ತಾ ಕೂತ್ರೆ ಆಗಲ್ಲ. ಆವಾಗ ಟ್ಯಾಂಕರ್ ತರಿಸಬೇಕು. ಬೆಲೆ ಕೇಳಬಾರದು."

ನಾನು ಹತ್ತು ವರ್ಷದಲ್ಲಿ ಓದಿದ ಯಾವ ಅಂಕಣಕಾರನೂ ಇದನ್ನು ಇಷ್ಟು ಚಿಕ್ಕದಾಗಿ ಹೇಳಿಲ್ಲ.

ಆ ತಿಂಗಳ ಕೊನೆಗೆ ಟ್ಯಾಂಕರ್ ಬಂತು. ಜುಲೈ 24ಕ್ಕೆ ಅರಿಜೋನಾದಿಂದ ಜಾಶ್ ನೇಲರ್. ಒಂದು ವಾರ ಕಳೆದು ಅಲ್ಲಿಂದಲೇ ಸ್ವಾರೆಸ್, ಎರಡು ವರ್ಷದ ಹಿಂದೆ ಸಂಬಳ ಉಳಿಸಲು ಕಳಿಸಿದ್ದರಲ್ಲ, ಅವನೇ. ಬದಲಿಗೆ ಒಟ್ಟು ಐದು ಸಸಿ ಕೊಟ್ಟರು. ಕಳಿಸಿದ ಮಗನನ್ನು ವಾಪಸ್ ಕರೆತರುವಾಗ ಯಾರಿಗಾದರೂ ಸ್ವಲ್ಪ ನಾಚಿಕೆ ಆಗುತ್ತದೆ. ಡಿಪೋಟೊ ಮುಖದಲ್ಲಿ ಅದು ಕಾಣಲಿಲ್ಲ. ನನಗೆ ಅದು ಇಷ್ಟವಾಯಿತು. ತಪ್ಪಾಯಿತು ಅಂತ ಬಾಯಲ್ಲಿ ಹೇಳದೆ, ಮಾಡಿ ತೋರಿಸುವ ಜನ ವ್ಯಾಪಾರದಲ್ಲಿ ಕಡಿಮೆ.

ಆದರೆ ಆ ವರ್ಷದ ನಿಜವಾದ ಬೆಳೆ ಮನೆಯದ್ದೇ. ಕ್ಯಾಲ್ ರಾಲೆ. ಕ್ಯಾಚರ್, ಅಂದರೆ ನಮ್ಮ ವಿಕೆಟ್‌ಕೀಪರ್ ಥರ. 2018ರ ಮೂರನೇ ಸುತ್ತಿನ ಆಯ್ಕೆ. ಅವನೂ ಎವರೆಟ್ ಮಡಿಯಿಂದಲೇ ಎದ್ದವನು. 2022ರ ಸೆಪ್ಟೆಂಬರ್ 30ರಂದು ಕೊನೆಯ ಇನಿಂಗ್ಸಿನಲ್ಲಿ ಬದಲಿ ಬ್ಯಾಟರ್ ಆಗಿ ಬಂದು ಹೋಮ್ ರನ್ ಹೊಡೆದು, 21 ವರ್ಷದ ಪ್ಲೇಆಫ್ ಬರ ಮುರಿದವನು. 2025ರಲ್ಲಿ 60 ಹೋಮ್ ರನ್. ಕ್ಯಾಚರ್ ಒಬ್ಬ ಒಂದು ವರ್ಷದಲ್ಲಿ ಅಲ್ಲಿಯವರೆಗೆ ಹೊಡೆದದ್ದರಲ್ಲಿ ಹೆಚ್ಚೆಂದರೆ 48. ಎರಡೂ ಕೈಯಲ್ಲಿ ಆಡುವವರಲ್ಲಿ ಮಿಕಿ ಮ್ಯಾಂಟಲ್‌ನ 54. ಎರಡನ್ನೂ ದಾಟಿದ. ಕೂತು ಎದ್ದು ಕೂತು ಎದ್ದು ಮಂಡಿ ಸವೆಯುವ ಕೆಲಸದ ನಡುವೆ! ಅರವತ್ತನೆಯದು ಬಂದ ಸೆಪ್ಟೆಂಬರ್ 24ರ ರಾತ್ರಿಯೇ ತಂಡ 2001ರ ನಂತರ ಮೊದಲ ಸಲ ಲೀಗಿನಲ್ಲಿ ತನ್ನ ಐದು ತಂಡಗಳ ವಿಭಾಗ ಗೆದ್ದದ್ದು. ನಾನು ಮಾತ್ರ ಅವತ್ತು ಮೈದಾನದಲ್ಲಿ ಇರಲಿಲ್ಲ. ಮಗಳ ಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗ್. ಗಂಡ ಫೋನಿನಲ್ಲಿ ಸ್ಕೋರ್ ನೋಡಿ ಮೊಣಕೈಯಲ್ಲಿ ತಿವಿದಾಗ, ಗಣಿತದ ಮೇಡಂ ಎದುರೇ "ಹೋ" ಅಂದುಬಿಟ್ಟೆ.

ಹೂಲಿಯೋ ರೊಡ್ರಿಗೆಜ್‌ನನ್ನೂ ಸೇರಿಸಬೇಕು. ಡೊಮಿನಿಕನ್ ರಿಪಬ್ಲಿಕ್‌ನಿಂದ 2017ರಲ್ಲಿ ಹದಿನಾರರ ಹುಡುಗನಾಗಿ ಸಹಿ ಹಾಕಿದವನು. 2022ರ ರೂಕಿ ಆಫ್ ದಿ ಇಯರ್, ಅಂದರೆ ವರ್ಷದ ಅತ್ಯುತ್ತಮ ಹೊಸಬ. ಆ ವರ್ಷವೇ ಅವನಿಗೆ 12 ವರ್ಷದ, ಕನಿಷ್ಠ 20.9 ಕೋಟಿ ಡಾಲರ್ ಒಪ್ಪಂದ. ರಾಲೆಗೆ 2025ರ ಮಾರ್ಚ್‌ನಲ್ಲಿ ಆರು ವರ್ಷಕ್ಕೆ 10.5 ಕೋಟಿ. ಆ ಅರವತ್ತಕ್ಕೂ ಮೊದಲು! ಬೆಲೆ ಏರುವ ಮುಂಚೆ ಚೀಟಿ ಹಾಕಿದ್ದಾರೆ. ಅಂದರೆ ಬ್ಯಾಟರ್ ಇಲ್ಲಿ ಬೆಳೆಯುವುದೇ ಇಲ್ಲ ಅಂತ ಅಲ್ಲ. ಅಪರೂಪಕ್ಕೆ ಬೆಳೆಯುತ್ತಾನೆ. ಬೆಳೆದರೆ ಆ ಒದ್ದೆ ಗಾಳಿಗೂ ಬಗ್ಗುವುದಿಲ್ಲ.

ಸೆಪ್ಟೆಂಬರ್‌ನ ಇನ್ನೊಂದು ತಮಾಷೆ ಹೇಳದೆ ಇರಲಾರೆ. ತಂಡ ಸೋಲುತ್ತಿದ್ದಾಗ ಯಾರೋ ಒಬ್ಬ ಅಭಿಮಾನಿ ಆನ್‌ಲೈನ್‌ನಲ್ಲಿ ಒಬ್ಬ ಮಾಟಗಾತಿಗೆ ದುಡ್ಡು ಕೊಟ್ಟು ಮಂತ್ರ ಹಾಕಿಸಿದ. ಆಮೇಲೆ ಸತತ 10 ಪಂದ್ಯ ಗೆದ್ದರು. ಊರಿಗೆ ಊರೇ ನಂಬಿತು. ನಮ್ಮ ಕಡೆ ಹರಕೆ ಅಂದರೆ ನಗುವ ಆಫೀಸಿನ ಹುಡುಗರು ಮಾಟಗಾತಿಯ ಟೀ ಶರ್ಟ್ ಹಾಕಿಕೊಂಡು ಮೀಟಿಂಗಿಗೆ ಬಂದರು.

ಪ್ಲೇಆಫ್ ಶುರುವಾಯಿತು. ಡೆಟ್ರಾಯಿಟ್ ಜೊತೆ ಐದನೇ ಪಂದ್ಯ 15 ಇನಿಂಗ್ಸ್ ಹೋಗಿ, ಪೊಲಾಂಕೊ ಹೊಡೆತಕ್ಕೆ 3-2. ಹೌದು, 2024ರಲ್ಲಿ .213 ಹೊಡೆದು ನಮ್ಮ ಕೈಲಿ ಬೈಸಿಕೊಂಡ ಅದೇ ಪೊಲಾಂಕೊ. ಕಡಿಮೆ ಸಂಬಳಕ್ಕೆ ಮತ್ತೆ ಕರೆದಿದ್ದರು, 26 ಹೋಮ್ ರನ್ ಕೊಟ್ಟ. ಸಂಜೆ ಸಂತೆಯಲ್ಲೂ ಒಮ್ಮೊಮ್ಮೆ ತಾಜಾ ಮಾಲು ಸಿಗುತ್ತದೆ.

ಮುಂದೆ ಟೊರಾಂಟೊ. ಏಳು ಪಂದ್ಯದ ಸರಣಿ, ಗೆದ್ದರೆ ವರ್ಲ್ಡ್ ಸೀರೀಸ್. ಅವರ ಊರಲ್ಲಿ ಮೊದಲ ಎರಡೂ ಗೆದ್ದು ಬಂದರು. ಇನ್ನೇನು ಅಂದುಕೊಂಡೆವು. ಆಗ ಕೈಕೊಟ್ಟದ್ದು ಬ್ಯಾಟರ್‌ಗಳಲ್ಲ. ಮನೆಯ ಮೈದಾನದಲ್ಲಿ, ಹತ್ತು ವರ್ಷದಿಂದ ನಂಬಿಕೊಂಡು ಬಂದ ಪಿಚಿಂಗ್! ಮೂರನೇ ಪಂದ್ಯದಲ್ಲಿ ಕರ್ಬಿ ಎಂಟು ರನ್ ಕೊಟ್ಟ, 13-4. ನಾಲ್ಕನೆಯದು 8-2. ಡೆಟ್ರಾಯಿಟ್ ಜೊತೆಗಿನ ಆ ಉದ್ದದ ರಾತ್ರಿ ಎಲ್ಲರ ಕೈ ಹಿಂಡಿ ಹಾಕಿತ್ತು. ವೂ ಎದೆಯ ಸ್ನಾಯು ನೋವಿನಿಂದ ಆಗ ತಾನೇ ಎದ್ದು ಬಂದಿದ್ದ. ಐದು ಮರ ನೆಟ್ಟು ಐದೂ ಒಂದೇ ವಾರ ಕಾಯಿ ಕೊಡಲಿ ಅಂದರೆ ಹೇಗೆ?

ಐದನೆಯದನ್ನು ಗೆದ್ದು ಕೊಟ್ಟವನು ಸ್ವಾರೆಸ್. ಎಂಟನೇ ಇನಿಂಗ್ಸಿನಲ್ಲಿ ಮೂರೂ ಬೇಸ್ ತುಂಬಿರುವಾಗ ಹೋಮ್ ರನ್. ಗ್ರ್ಯಾಂಡ್ ಸ್ಲಾಮ್. ಮೇಲಿನ ಸಾಲಿನ ಸಿಮೆಂಟು ನಡುಗಿದ್ದು ನನ್ನ ಪಾದಕ್ಕೆ ಗೊತ್ತಾಯಿತು. ಪಕ್ಕದ ಸೀಟಿನ, ಹೆಸರೂ ಗೊತ್ತಿಲ್ಲದ ಅಜ್ಜಿ ನನ್ನನ್ನು ತಬ್ಬಿಕೊಂಡು ಅತ್ತರು.

ಏಳನೇ ಪಂದ್ಯ ಅಕ್ಟೋಬರ್ 20. ದೀಪಾವಳಿ. ಬೆಳಿಗ್ಗೆ ಎಣ್ಣೆ ಸ್ನಾನ, ಮಧ್ಯಾಹ್ನ ಹೋಳಿಗೆ, ಸಂಜೆ ಬಾಗಿಲಲ್ಲಿ ದೀಪ, ಒಳಗೆ ಟಿವಿ. ರಾಲೆ ಹೋಮ್ ರನ್, ಹೂಲಿಯೋ ಹೋಮ್ ರನ್. ಏಳನೇ ಇನಿಂಗ್ಸಿಗೆ 3-1 ಮುಂದೆ. ಎಂಟು ಔಟ್ ತೆಗೆದರೆ ಸಾಕು. ಇಬ್ಬರು ಬೇಸಿನ ಮೇಲಿದ್ದಾಗ ವೂನನ್ನು ತೆಗೆದು ಎಡ್ವಾರ್ಡ್ ಬಜಾರ್ಡೊನನ್ನು ತಂದರು. ತಂಡದ ನಂಬರ್ ಒನ್ ರಿಲೀವರ್ (ಮಧ್ಯದಲ್ಲಿ ಬದಲಿಗೆ ಬರುವ ಪಿಚರ್) ಆಂಡ್ರೆಸ್ ಮುನ್ಯೋಸ್ ಅಲ್ಲೇ ಹೊರಗೆ ಕೂತಿದ್ದ. ಟೊರಾಂಟೊದ ಜಾರ್ಜ್ ಸ್ಪ್ರಿಂಗರ್ ಬ್ಯಾಟ್ ಬೀಸಿದ. ಹೋಮ್ ರನ್, ಮೂರು ರನ್. 4-3. ಕೊನೆಯ ಔಟ್ ಹೂಲಿಯೋ, ಸ್ಟ್ರೈಕ್ ಔಟ್. ಮುಂದಿನ ಸರದಿ ರಾಲೆಯದ್ದು. ಬ್ಯಾಟ್ ಹಿಡಿದು ನಿಂತೇ ಇದ್ದ.

ಮಗಳು ಏನೂ ಮಾತಾಡದೆ ಹೊರಗೆ ಹೋಗಿ ಆರಿದ ದೀಪಕ್ಕೆ ಎಣ್ಣೆ ಹಾಕಿ ಬಂದಳು.

ಅದೇ ವರ್ಷ ಜೂನ್ 3ಕ್ಕೆ ಆರ್‌ಸಿಬಿ ಗೆದ್ದಿತ್ತು. ಹದಿನೆಂಟನೇ ಸಲಕ್ಕೆ. ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಅಂತ ಕೊನೆಗೂ ಬೌಲಿಂಗ್‌ಗೆ ದುಡ್ಡು ಸುರಿದ ವರ್ಷ ಅದು. ಮರುದಿನ ಚಿನ್ನಸ್ವಾಮಿ ಹೊರಗೆ ಆದದ್ದು ನೆನೆದರೆ ಇವತ್ತಿಗೂ ಬಾಯಿ ಕಟ್ಟುತ್ತದೆ, ಅದರ ಬಗ್ಗೆ ಇಲ್ಲಿ ಬೇಡ. ನನ್ನ ಮಾತು ಇಷ್ಟೇ: ಇದ್ದದ್ದನ್ನೇ ಇನ್ನಷ್ಟು ಗುಡ್ಡೆ ಹಾಕುವುದು ಬಿಟ್ಟು, ಇಲ್ಲದ್ದಕ್ಕೆ ಖರ್ಚು ಮಾಡಿದಾಗ ಕಪ್ ಬಂತು. ಮ್ಯಾರಿನರ್ಸ್ ಅದನ್ನು ಜುಲೈ ಕೊನೆಗೆ ಮಾಡಿದರು. ಏಪ್ರಿಲ್‌ಗೇ ಮಾಡಿದ್ದರೆ?

ಈಗ ರೇಟಿಂಗ್. ಪಿಚರ್ ಆರಿಸಿ ಬೆಳೆಸುವ ಕೆಲಸಕ್ಕೆ ಐದಕ್ಕೆ ಐದು. ಟೊರಾಂಟೊ ಸರಣಿ ನೋಡಿ ಅರ್ಧ ಕಳೆಯೋಣ ಅಂದುಕೊಂಡೆ. ಆರನೇ ಸುತ್ತಿನ ವೂ ನೆನಪಾಗಿ ಬಿಟ್ಟೆ. ಬ್ಯಾಟರ್ ಬೆಳೆಸುವುದಕ್ಕೆ ಮೂರು, ಅದರಲ್ಲಿ ಎರಡು ರಾಲೆಯವು. ಬ್ಯಾಟರ್ ಕೊಳ್ಳುವುದಕ್ಕೆ 2024ರವರೆಗೆ ಒಂದೂವರೆ. 2025ರ ಜುಲೈ ಒಂದಕ್ಕೇ ನಾಲ್ಕೂವರೆ. ನವೆಂಬರ್‌ನಲ್ಲಿ ನೇಲರ್‌ನನ್ನು ಐದು ವರ್ಷಕ್ಕೆ, 9.25 ಕೋಟಿ ಡಾಲರ್ ಕೊಟ್ಟು ಉಳಿಸಿಕೊಂಡರು. ಇವರು ಕೊಳ್ಳುವ ರೀತಿ ಬದಲಾಗಿದೆ ಅನ್ನಿಸಿದ್ದು ಅಲ್ಲಿ. ಬಾಯಿಗೆ, ಅಂದರೆ ಗಿರಾಕಿಯ ಜೊತೆ ಮಾತಾಡುವ ರೀತಿಗೆ, ಎರಡು. ಶೇ. 54ರ ಮಾತಿಗೆ ಆಮೇಲೆ ಕ್ಷಮೆ ಕೇಳಿದರು, ಇಲ್ಲದಿದ್ದರೆ ಒಂದೇ.

ಇನ್ನೊಂದು ಗಮನಿಸಿದ್ದು. ಡ್ರಾಫ್ಟಿನಲ್ಲಿ ಇತ್ತೀಚೆಗೆ ಇವರ ಕೈ ಹೈಸ್ಕೂಲು ಬ್ಯಾಟರ್‌ಗಳ ಕಡೆ ಹೋಗುತ್ತಿದೆ. 2022ಕ್ಕೆ ಕೋಲ್ ಯಂಗ್, 2023ಕ್ಕೆ ಕೋಲ್ಟ್ ಎಮರ್ಸನ್. ಯಂಗ್ 2025ರಲ್ಲೇ ದೊಡ್ಡ ತಂಡಕ್ಕೆ ಬಂದ. ಪಿಚರ್ ಬಿಟ್ಟಿದ್ದಾರೆ ಅಂತಲ್ಲ. 2024ರಲ್ಲಿ ಎರಡೂ ಕೈಯಲ್ಲಿ ಎಸೆಯುವ ಹುಡುಗನನ್ನು ಆರಿಸಿದರು, 2025ರಲ್ಲಿ ಮೂರನೆಯವನಾಗಿ ಕೇಡ್ ಆಂಡರ್ಸನ್‌ನನ್ನು. ಆದರೂ ಬಾಳೆ ಮಧ್ಯೆ ಬೇರೆ ಸಸಿ ಕಾಣುತ್ತಿದೆ.

ಅಪ್ಪಾಜಿ ಸಂಕ್ರಾಂತಿಗೆ ಫೋನ್ ಮಾಡಿದ್ದರು. ಅಡಿಕೆ ರೇಟು, ಮಂಡಿ ನೋವು ಎಲ್ಲ ಆದ ಮೇಲೆ ಕೇಳಿದರು.

"ಏನವ್ವಾ, ಆ ದಪ್ಪ ಹುಡುಗ ಇನ್ನೂ ಇದ್ದಾನಾ, ಅರವತ್ತು ಹೊಡೆದೋನು?"

"ಇದ್ದಾನೆ ಅಪ್ಪಾಜಿ. 2030ರವರೆಗೆ ಬರೆಸಿಕೊಂಡಿದ್ದಾರೆ."

"ಟ್ಯಾಂಕರ್ ತಂದ್ರಲ್ಲ, ಅವನು?"

ನೇಲರ್ ಇದ್ದಾನೆ ಅಂದೆ.

ಮುಂಗಡ ಕಟ್ಟಿದ್ದೇನೆ. ಈ ಸಲ ಮೇಲಿನ ಸಾಲಿನಲ್ಲೇ, ಮೂರನೇ ಬೇಸ್ ಕಡೆ. ನೀವು ಮೊದಲ ಸಲ ಹೋಗುವವರಾದರೆ ಜುಲೈ, ಆಗಸ್ಟ್‌ನಲ್ಲಿ ಹೋಗಿ. ಆಗ ಚೆಂಡೂ ಸ್ವಲ್ಪ ಹಾರುತ್ತದೆ, ಮೈಯೂ ಬೆಚ್ಚಗಿರುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಶಾಲು ಬೇಕು. ಮಳೆಗೆ ಮೇಲೆ ಸರಿಯುವ ಛಾವಣಿ ಇದೆ, ಪಕ್ಕದಿಂದ ಬರುವ ಗಾಳಿಗೆ ಏನೂ ಇಲ್ಲ. ಅಷ್ಟು ದುಡ್ಡು ಬೇಡ ಅಂದರೆ ಎವರೆಟ್‌ಗೆ ಹೋಗಿ. ಸಣ್ಣ ಮೈದಾನ, ಪಿಚರ್‌ನ ಉಸಿರು ಕೇಳುವಷ್ಟು ಹತ್ತಿರ ಕೂರಬಹುದು. ಮಗಳು ಈ ವರ್ಷ ಅಲ್ಲಿಗೆ ಸ್ಕೋರ್ ಪುಸ್ತಕ ತೆಗೆದುಕೊಂಡು ಹೋಗುತ್ತಾಳಂತೆ. ವಾಕ್ ಕೊಡದ ಹುಡುಗರಿಗೆ ಒಂದು ಪುಟ, ಚೆಂಡು ಬೇಲಿ ದಾಟಿಸುವವರಿಗೆ ಒಂದು ಪುಟ. ಎರಡನೇ ಪುಟಕ್ಕೆ ದೊಡ್ಡದಾಗಿ ಗೆರೆ ಹಾಕಿ ಇಟ್ಟಿದ್ದಾಳೆ.